ವಿಕಿಪೀಡಿಯದಲ್ಲಿ ಒಂದು ಸೋಪಿನ ಬಗ್ಗೆ ಬರೆಯುವುದು ಹೇಗೆ?

ನಾನು ವಿಕಿಪೀಡಿಯಕ್ಕೆ ಬರೆದ ಮೊದಲ ಲೇಖನ ಎರಡೇ ದಿನ ಬದುಕಿತ್ತು. ನಮ್ಮ ಸೋದರಮಾವನ ಗೆಳೆಯರೊಬ್ಬರದು ಕಾಫಿಪುಡಿ ಅಂಗಡಿ. ಮೂರು ತಲೆಮಾರಿನಿಂದ ನಡೆಸಿಕೊಂಡು ಬಂದಿದ್ದಾರೆ. ಪುಡಿ ಚೆನ್ನಾಗಿದೆ, ಊರಲ್ಲಿ ಒಳ್ಳೆ ಹೆಸರಿದೆ. ಸರಿ, ಕೂತು ಬರೆದೆ. "ಶುದ್ಧತೆ ಮತ್ತು ಪರಿಮಳಕ್ಕೆ ಹೆಸರಾದ, ಜಿಲ್ಲೆಯಾದ್ಯಂತ ಮನೆಮಾತಾಗಿರುವ" ಎಂದು ಶುರುವಾಗಿತ್ತು. ಕೊನೆಯಲ್ಲಿ ಅಂಗಡಿಯ ವಿಳಾಸ, ಫೋನ್ ನಂಬರೂ ಇತ್ತು. ಮೂರನೇ ದಿನ ನೋಡಿದರೆ ಪುಟವೇ ಇಲ್ಲ. ನನ್ನ ಚರ್ಚೆ ಪುಟದಲ್ಲಿ, ಅಂದರೆ ಬೇರೆ ಸಂಪಾದಕರು ನನಗೆ ಸಂದೇಶ ಬರೆದಿಡುವ ಪುಟದಲ್ಲಿ, ಯಾರೋ ಒಂದೇ ಸಾಲು ಬರೆದಿದ್ದರು: "ಇದು ಲೇಖನವೋ, ಕರಪತ್ರವೋ?"

ಸಿಟ್ಟು ಬಂತು. ಒಂದು ಸುಳ್ಳೂ ಬರೆದಿರಲಿಲ್ಲ, ಮತ್ತೆ ಅಳಿಸಿದ್ದು ಯಾಕೆ? ಅರಳಿಕಟ್ಟೆಗೆ ಹೋಗಿ ಕೇಳಿದೆ. ಕನ್ನಡ ವಿಕಿಪೀಡಿಯದ ಸಂಪಾದಕರು ಸೇರಿ ಮಾತಾಡುವ ಪುಟದ ಹೆಸರು ಅದು. ಚೆಂದದ ಹೆಸರು, ಅಲ್ವಾ? ಅಲ್ಲಿ ಸಿಕ್ಕ ಉತ್ತರ ಇಷ್ಟು: "ಪುಡಿ ಚೆನ್ನಾಗಿದೆ ಅಂತ ಅಂಗಡಿಯವರು ಹೇಳುತ್ತಿದ್ದಾರೆ, ಅವರ ಪರವಾಗಿ ನೀವು ಹೇಳುತ್ತಿದ್ದೀರಿ. ನಿಮ್ಮಿಬ್ಬರನ್ನು ಬಿಟ್ಟು ಬೇರೆ ಯಾರು ಹೇಳಿದ್ದಾರೆ?" ಹೇಳಿದವರು ಊರು ತುಂಬ ಇದ್ದರು. ಬರೆದು ಅಚ್ಚು ಹಾಕಿಸಿದವರು ಒಬ್ಬರೂ ಇರಲಿಲ್ಲ.

ಸರಕೊಂದರ ಬಗ್ಗೆ ವಿಶ್ವಕೋಶಕ್ಕೆ ಬರೆಯುವ ಕೆಲಸವೆಲ್ಲ ಆ ಪ್ರಶ್ನೆಯ ಸುತ್ತಲೇ ಸುತ್ತುತ್ತದೆ. ಆ ವಸ್ತುವಿನಿಂದ ಲಾಭವೂ ನಷ್ಟವೂ ಇಲ್ಲದವರು ಅದರ ಬಗ್ಗೆ ಏನು ಬರೆದಿದ್ದಾರೆ ಎಂದು ಹುಡುಕಿ, ಅದನ್ನು ನಮ್ಮ ಮಾತಿನಲ್ಲಿ ಚೊಕ್ಕಟವಾಗಿ ಹೇಳುವುದು, ಅಷ್ಟೇ. ವಿಕಿಪೀಡಿಯದ ಮೂರು ಮೂಲ ನಿಯಮಗಳೂ ಇದನ್ನೇ ಬೇರೆ ಬೇರೆ ಬಾಗಿಲಿನಿಂದ ಹೇಳುತ್ತವೆ. ಯಾರ ಪರವನ್ನೂ ಹಿಡಿಯಬೇಡಿ. ಓದುಗ ಹೋಗಿ ಪರೀಕ್ಷಿಸಲು ಆಗುವಂಥದ್ದನ್ನು ಮಾತ್ರ ಬರೆಯಿರಿ. ನಿಮ್ಮ ಸ್ವಂತ ಸಂಶೋಧನೆಯನ್ನು ಇಲ್ಲಿಗೆ ತರಬೇಡಿ. ಓದುವಾಗ ಸುಲಭ. ಬರೆಯಲು ಕೂತಾಗ ಗೊತ್ತಾಗುತ್ತದೆ.

ಉದಾಹರಣೆಗೆ ಮೈಸೂರು ಸ್ಯಾಂಡಲ್ ಸೋಪನ್ನು ತೆಗೆದುಕೊಳ್ಳೋಣ. ನಮ್ಮಲ್ಲಿ ಬಹಳ ಜನರ ಬಚ್ಚಲುಮನೆಯಲ್ಲಿ ಇದ್ದದ್ದು, ಸ್ವಲ್ಪ ಅಭಿಮಾನವೂ ಇರುವಂಥದ್ದು. ಅಭಿಮಾನ ಇರುವ ವಸ್ತುವಿನ ಬಗ್ಗೆ ಬರೆಯುವುದೇ ಜಾಸ್ತಿ ಕಷ್ಟ. ಅದಕ್ಕೇ ಅದನ್ನು ಆರಿಸಿದೆ.

ಮೊದಲು, ಪುಟ ಬೇಕಾ?

ಅಂಗಡಿಯಲ್ಲಿ ಸಿಗುವ ಎಲ್ಲದಕ್ಕೂ ಪುಟ ಇರುವುದಿಲ್ಲ. ವಿಶ್ವಕೋಶ ಅಂದರೆ ಕ್ಯಾಟಲಾಗ್ ಅಲ್ಲವಲ್ಲ. ಆ ವಸ್ತುವಿನ ಬಗ್ಗೆ ನಂಬಬಹುದಾದ, ತಯಾರಕರಿಗೆ ಸಂಬಂಧವಿಲ್ಲದ ಕಡೆಗಳಲ್ಲಿ ವಿವರವಾಗಿ ಬರೆದಿರಬೇಕು. ಒಂದೇ ಕಡೆ ಬರೆದಿದ್ದರೆ ಸಾಲದು. ಹೆಸರು ಹೀಗೆ ಬಂದು ಹಾಗೆ ಹೋಗಿದ್ದರೂ ಸಾಲದು. ಇದನ್ನು ವಿಕಿಪೀಡಿಯದವರು ಗಮನಾರ್ಹತೆ ಅನ್ನುತ್ತಾರೆ.

ಇದಕ್ಕೂ ಜನಪ್ರಿಯತೆಗೂ ನೇರ ಸಂಬಂಧ ಇಲ್ಲ. ನನಗೆ ಇಷ್ಟವಾದ ಉದಾಹರಣೆ ವೋಟು ಹಾಕುವಾಗ ಬೆರಳಿಗೆ ಹಚ್ಚುವ ಶಾಯಿ. ಮೈಸೂರಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಲಿಮಿಟೆಡ್ ತಯಾರಿಸುತ್ತದೆ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಶುರುವಾದ, ಈಗ ರಾಜ್ಯ ಸರ್ಕಾರದ ಕೈಯಲ್ಲಿರುವ ಕಂಪನಿ. 1962ರ ಚುನಾವಣೆಯಿಂದ ಈ ಶಾಯಿ ಬಳಕೆಯಲ್ಲಿದೆ. ಇದಕ್ಕೆ ಜಾಹೀರಾತಿಲ್ಲ, ಬ್ರ್ಯಾಂಡ್ ರಾಯಭಾರಿ ಇಲ್ಲ, ಅಂಗಡಿಯಲ್ಲಿ ಕೇಳಿದರೆ ಸಿಗುವುದೂ ಇಲ್ಲ. ಆದರೂ ಚುನಾವಣೆ ಬಂದಾಗಲೆಲ್ಲ ಪತ್ರಕರ್ತರು ಮೈಸೂರಿಗೆ ಹೋಗಿ ಬರೆಯುತ್ತಾರೆ. ಯಾರೂ ದುಡ್ಡು ಕೊಟ್ಟು ಬರೆಸಿದ್ದಲ್ಲ. ಲೇಖನಕ್ಕೆ ಬೇಕಾದ ಸಾಮಗ್ರಿ ಅಂದರೆ ಅದು. ಇನ್ನೊಂದು ಕಡೆ, ಟಿವಿಯಲ್ಲಿ ದಿನಕ್ಕೆ ಇಪ್ಪತ್ತು ಸಲ ಬರುವ ಹೊಸ ಬಿಸ್ಕತ್ತು ಇರುತ್ತದೆ. ಅದರ ಬಗ್ಗೆ ಜಾಹೀರಾತು ಬಿಟ್ಟರೆ ಒಂದಕ್ಷರ ಸಿಗುವುದಿಲ್ಲ. ಶಾಯಿಗೆ ಪುಟ ಉಂಟು, ಬಿಸ್ಕತ್ತಿಗೆ ಇಲ್ಲ.

ಸ್ಯಾಂಡಲ್ ಸೋಪಿಗೆ ಈ ತೊಂದರೆ ಇಲ್ಲ. ನೂರು ವರ್ಷ ದಾಟಿದ ಸರಕು. ಮೈಸೂರು ಸಂಸ್ಥಾನದ ಕಾಲದ ಆಡಳಿತ ವರದಿಗಳಿವೆ, ಪತ್ರಿಕೆಗಳಿವೆ, 2006ರಲ್ಲಿ ಬಂದ ಭೌಗೋಳಿಕ ಗುರುತಿನ (ಜಿಐ ಟ್ಯಾಗ್, ಅಂದರೆ ಇದು ಇಂಥ ಜಾಗದ್ದೇ ಸರಕು ಎಂಬ ಕಾನೂನಿನ ಗುರುತು) ನೋಂದಣಿ ಇದೆ, ಸದನದಲ್ಲಿ ನಡೆದ ಚರ್ಚೆಗಳಿವೆ. ಬೆಂಗಳೂರಿನ ಮೆಟ್ರೋ ಹಸಿರು ಮಾರ್ಗದಲ್ಲಿ ಒಂದು ನಿಲ್ದಾಣಕ್ಕೆ ಸ್ಯಾಂಡಲ್ ಸೋಪ್ ಫ್ಯಾಕ್ಟರಿ ಅಂತಲೇ ಹೆಸರು. ಹೀಗೆ ನಿಲ್ದಾಣದ ಹೆಸರಾಗುವ ಭಾಗ್ಯ ಎಷ್ಟು ಸೋಪಿಗಿದೆ ಹೇಳಿ.

ಯಾರ ಮಾತನ್ನು ಹಿಡಿಯಬೇಕು?

ಹೊಸಬರು ಮೊದಲು ಎಡವುವ ಜಾಗ ಇದು. ಕಂಪನಿಯ ವೆಬ್‌ಸೈಟ್ ತೆರೆದು, ಅಲ್ಲಿದ್ದದ್ದನ್ನು ಸ್ವಲ್ಪ ತಿರುಗಿಸಿ ಬರೆದು, ಕೆಳಗೆ ಅದೇ ವೆಬ್‌ಸೈಟಿನ ಕೊಂಡಿ ಹಾಕುತ್ತಾರೆ. ಉಲ್ಲೇಖ ಇದೆಯಲ್ಲ ಅನ್ನುತ್ತಾರೆ. ಇದೆ. ಆದರೆ ಅದು ಮದುವೆ ಗಂಡಿನ ಬಗ್ಗೆ ಗಂಡಿನ ತಾಯಿಯನ್ನೇ ವಿಚಾರಿಸಿದ ಹಾಗೆ.

ಹಾಗಂತ ಕಂಪನಿಯ ಮಾತನ್ನು ಪೂರ್ತಿ ಬಿಡಬೇಕಿಲ್ಲ. ಕಚೇರಿ ಎಲ್ಲಿದೆ, ಕಂಪನಿ ಯಾವ ವರ್ಷ ನೋಂದಣಿ ಆಯಿತು ಎಂಬಂಥ ಒಣ ಸಂಗತಿಗೆ ಅದು ಸಾಕು. "ಜಗತ್ತಿನಲ್ಲಿ ಶುದ್ಧ ಗಂಧದೆಣ್ಣೆಯಿಂದ ತಯಾರಾಗುವ ಏಕೈಕ ಸೋಪು" ಎಂಬ ಮಾತಿಗೆ ಸಾಲದು. ಜಗತ್ತಿನ ಸೋಪುಗಳನ್ನೆಲ್ಲ ಪರೀಕ್ಷೆ ಮಾಡಿದವರು ಯಾರು? ಆ ಮಾತು ಸೋಪಿನ ಪ್ರಚಾರದ ಭಾಗವೇ ಆಗಿರುವುದರಿಂದ ಲೇಖನಕ್ಕೆ ಬರಬಹುದು. ಬರುವುದಾದರೆ "ಎಂದು ಕಂಪನಿ ಹೇಳಿಕೊಳ್ಳುತ್ತದೆ" ಎಂಬ ಬಾಲ ಜೊತೆಗಿರಬೇಕು.

ಪತ್ರಿಕೆಯಲ್ಲಿ ಬಂದಿದ್ದೆಲ್ಲ ಸ್ವತಂತ್ರ ಮೂಲವೂ ಅಲ್ಲ. ಇದು ನನಗೆ ತಡವಾಗಿ ಹೊಳೆಯಿತು. ಕಾಫಿಪುಡಿ ಲೇಖನಕ್ಕೆ ನಾನು ಒಂದು ಪತ್ರಿಕೆಯ ಪೂರ್ತಿ ಪುಟದ ಬರಹವನ್ನು ಉಲ್ಲೇಖ ಹಾಕಿದ್ದೆ. ಆ ಪುಟದ ತಲೆಯ ಮೇಲೆ ಸಾಸಿವೆಯಷ್ಟು ಚಿಕ್ಕ ಅಕ್ಷರದಲ್ಲಿ "ಜಾಹೀರಾತು ಪುರವಣಿ" ಅಂತ ಇತ್ತು. ಈಗ ಅದಕ್ಕೆ ಬ್ರ್ಯಾಂಡ್ ಸ್ಟೋರಿ, ಪಾರ್ಟ್ನರ್ಡ್ ಕಂಟೆಂಟ್, ಪ್ರಾಯೋಜಿತ ಎಂಬ ತರಹೇವಾರಿ ಹೆಸರುಗಳಿವೆ. ವರದಿಗಾರರ ಹೆಸರಿಲ್ಲದ, ಮಾಲೀಕರ ನಗುಮುಖದ ಫೋಟೊ ಇರುವ, ಒಂದೇ ಒಂದು ಕೊಂಕು ಇಲ್ಲದ ಬರಹ ಕಂಡರೆ ಪುಟದ ಮೂಲೆಗಳನ್ನು ಒಮ್ಮೆ ನೋಡಿ.

ಪತ್ರಿಕಾ ಪ್ರಕಟಣೆಯದು ಇನ್ನೊಂದು ಕಥೆ. ಕಂಪನಿ ಒಂದು ಪ್ರಕಟಣೆ ಕಳಿಸುತ್ತದೆ. ಐದು ಪತ್ರಿಕೆಗಳು ವಾಣಿಜ್ಯ ಪುಟದಲ್ಲಿ ಹಾಕುತ್ತವೆ. ವಿಕಿಪೀಡಿಯದ ಸಂಪಾದಕರು ಐದು ಉಲ್ಲೇಖ ಸಿಕ್ಕಿತು ಅಂತ ಖುಷಿಪಡುತ್ತಾರೆ. ಐದನ್ನೂ ಅಕ್ಕಪಕ್ಕ ಇಟ್ಟು ಓದಿದರೆ ಎರಡನೇ ಪ್ಯಾರಾದ ಅಲ್ಪವಿರಾಮ ಕೂಡ ಒಂದೇ ಕಡೆ ಇರುತ್ತದೆ. ಅದು ಐದು ಮೂಲ ಅಲ್ಲ, ಒಂದೇ. ಅದೂ ಕಂಪನಿಯದೇ.

ಸರ್ಕಾರಿ ದಾಖಲೆಯನ್ನೂ ಬಿಡಿಸಿ ನೋಡಬೇಕಾಗುತ್ತದೆ. ಭೌಗೋಳಿಕ ಗುರುತು ಸಿಕ್ಕಿತು ಎಂಬುದು ಚೆನ್ನೈನ ನೋಂದಣಿ ಕಚೇರಿಯ ತೀರ್ಮಾನ. ಅದನ್ನು ನೇರವಾಗಿ ಬರೆಯಬಹುದು. ಆದರೆ ಗುರುತು ಕೇಳಿ ಹಾಕಿದ ಅರ್ಜಿಯಲ್ಲಿ ಆ ಸರಕಿನ ಚರಿತ್ರೆ, ಹಿರಿಮೆ ಎಲ್ಲ ಇರುತ್ತದಲ್ಲ, ಅದನ್ನು ಬರೆದವರು ಅರ್ಜಿದಾರರು. ಒಂದೇ ಕಡತದಲ್ಲಿ ಎರಡು ಬಾಯಿ ಮಾತಾಡುತ್ತಿರುತ್ತವೆ.

ಕನ್ನಡದಲ್ಲಿ ಬರೆಯುವವರಿಗೆ ಒಂದು ಹೆಚ್ಚಿನ ತಾಪತ್ರಯ ಇದೆ. ಯೂನಿಕೋಡ್ ಬರುವ ಮೊದಲು ನಮ್ಮ ಪತ್ರಿಕೆಗಳ ವೆಬ್‌ಸೈಟುಗಳು ತಮ್ಮ ತಮ್ಮ ಫಾಂಟುಗಳಲ್ಲಿ ಇದ್ದವು. ಆಗಿನ ಕೊಂಡಿಗಳು ಎಷ್ಟೋ ಸತ್ತಿವೆ. ತೆರೆದರೂ ಚಿತ್ರಲಿಪಿ ಕಾಣುತ್ತದೆ. ಆದರೆ ಉಲ್ಲೇಖ ಅಂದರೆ ಕೊಂಡಿ ಇರಲೇಬೇಕು ಎಂಬುದು ತಪ್ಪು ಕಲ್ಪನೆ. ಪತ್ರಿಕೆಯ ಹೆಸರು, ತಾರೀಖು, ಪುಟ ಸಂಖ್ಯೆ ಕೊಟ್ಟರೆ ಸಾಕು. ಜಿಲ್ಲಾ ಗ್ರಂಥಾಲಯದಲ್ಲಿ ಧೂಳು ಕುಡಿಯುತ್ತಿರುವ ಗೆಜೆಟಿಯರ್, ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಸಂಪುಟಗಳು, ಇವೆಲ್ಲ ಒಳ್ಳೆಯ ಮೂಲಗಳೇ. ಗೂಗಲ್‌ನಲ್ಲಿ ಸಿಗದ್ದು ಇಲ್ಲವೇ ಇಲ್ಲ ಅಂದುಕೊಂಡರೆ 1990ಕ್ಕಿಂತ ಹಿಂದಿನ ಕರ್ನಾಟಕವೇ ಇರಲಿಲ್ಲ ಅನ್ನಬೇಕಾಗುತ್ತದೆ.

ಸೋಪಿಗೆ ಹುಟ್ಟಿದ ವರ್ಷ ಯಾವುದು?

ಮೂಲಗಳು ಒಂದಕ್ಕೊಂದು ಹೊಂದದಿದ್ದಾಗ ಏನು ಮಾಡುವುದು ಅನ್ನುವುದಕ್ಕೆ ಸೋಪೇ ಉದಾಹರಣೆ. ಕೆಲವರು 1916 ಅನ್ನುತ್ತಾರೆ, ಕೆಲವರು 1918 ಅನ್ನುತ್ತಾರೆ. ಒಂದನ್ನು ಆರಿಸಿ ಇನ್ನೊಂದನ್ನು ಅಳಿಸುವ ಜಗಳ ಮಾಡುವ ಮೊದಲು, ಯಾರು ಯಾವುದರ ಬಗ್ಗೆ ಮಾತಾಡುತ್ತಿದ್ದಾರೆ ಅಂತ ನೋಡಬೇಕು.

ಆಗ ನಡೆದದ್ದು ಹೀಗೆ. ಮೊದಲ ಮಹಾಯುದ್ಧ ಶುರುವಾಗಿ ಮೈಸೂರಿನ ಗಂಧದ ಮರ ಯುರೋಪಿಗೆ ಹೋಗುವುದು ನಿಂತಿತು. ಮರ ರಾಶಿ ಬಿತ್ತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲ. ಎಣ್ಣೆಯನ್ನು ಇಲ್ಲೇ ತೆಗೆಯೋಣ ಎಂದು ಸಂಸ್ಥಾನ ಹೊರಟಿತು. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿದ್ದ (ಈಗ ಭಾರತೀಯ ವಿಜ್ಞಾನ ಸಂಸ್ಥೆ ಅನ್ನುತ್ತೇವೆ) ಸಡ್‌ಬರೊ ಮತ್ತು ವ್ಯಾಟ್ಸನ್ ಎಂಬ ಪ್ರೊಫೆಸರುಗಳು ಬಟ್ಟಿ ಇಳಿಸುವ ವಿಧಾನ ಹೊಂದಿಸಿಕೊಟ್ಟರು. ಎಣ್ಣೆಯ ಕೆಲಸ ಶುರುವಾದದ್ದು 1916ರಲ್ಲಿ. ಆ ಎಣ್ಣೆಯಿಂದ ಸೋಪು ಮಾಡುವ ಯೋಚನೆ ಅದರ ಹಿಂದೆ ಬಂತು. ಎಸ್.ಜಿ. ಶಾಸ್ತ್ರಿ ಎಂಬ ರಸಾಯನಶಾಸ್ತ್ರಜ್ಞರನ್ನು ಇಂಗ್ಲೆಂಡಿಗೆ ಕಳಿಸಿ ಕಲಿಸಿದರು. 1918 ಅನ್ನುವವರು ಸೋಪಿನ ಕಾರ್ಖಾನೆಯ ಲೆಕ್ಕ ಹಿಡಿಯುತ್ತಾರೆ. 1916 ಅನ್ನುವವರು ಎಣ್ಣೆಯಿಂದ ಎಣಿಸುತ್ತಾರೆ. ಲೇಖನದಲ್ಲಿ ಎರಡನ್ನೂ, ಯಾವುದು ಯಾವುದರ ವರ್ಷ ಅಂತ ಹೇಳಿ ಬರೆದರೆ ಜಗಳವೇ ಇಲ್ಲ.

ಇನ್ನು ಒಂದು ಕಥೆ ಇದೆ. ವಿದೇಶದಿಂದ ಬಂದ ಅತಿಥಿಯೊಬ್ಬರು ಮಹಾರಾಜರಿಗೆ ನಮ್ಮದೇ ಗಂಧದೆಣ್ಣೆಯ ಸೋಪುಗಳನ್ನು ಉಡುಗೊರೆ ಕೊಟ್ಟರು, ಇದನ್ನು ನಾವೇ ಯಾಕೆ ಮಾಡಬಾರದು ಎಂದು ಅವರಿಗೆ ಅನಿಸಿತು ಅಂತ. ಒಳ್ಳೆ ಕಥೆ. ಕಂಪನಿಯೂ ಹೇಳುತ್ತದೆ, ಪತ್ರಿಕೆಗಳೂ ಬರೆಯುತ್ತವೆ. ಹಾಕಬಹುದು, ಆದರೆ ಕಂಡವರು ಹೇಳಿದ ಹಾಗೆ ಅಲ್ಲ, ಕೇಳಿದ್ದನ್ನು ಹೇಳಿದ ಹಾಗೆ. ರವೆ ಇಡ್ಲಿಯದೂ ಇದೇ ಲೆಕ್ಕ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದಾದಾಗ ತಾವೇ ಕಂಡುಹಿಡಿದದ್ದು ಎಂದು ಎಂಟಿಆರ್‌ನವರು ಹೇಳುತ್ತಾರೆ. ಇರಬಹುದು. "ಎಂಟಿಆರ್ ಪ್ರಕಾರ" ಎಂದು ಬರೆದರೆ ಅವರ ಮಾತು ಅವರಿಗೆ ಉಳಿಯುತ್ತದೆ, ವಿಶ್ವಕೋಶವೂ ತೀರ್ಪು ಕೊಟ್ಟಂತಾಗುವುದಿಲ್ಲ.

ಸ್ವಂತ ಸಂಶೋಧನೆ ಅನ್ನುವ ಹಳ್ಳ ಇಲ್ಲೇ ಪಕ್ಕದಲ್ಲಿದೆ. ಗಂಧದೆಣ್ಣೆ ಚರ್ಮಕ್ಕೆ ಒಳ್ಳೆಯದು ಎಂದು ಒಂದು ಪುಸ್ತಕ ಹೇಳುತ್ತದೆ ಅಂದುಕೊಳ್ಳಿ. ಈ ಸೋಪಿನಲ್ಲಿ ಗಂಧದೆಣ್ಣೆ ಇದೆ ಎಂದು ಇನ್ನೊಂದು ಕಡೆ ಇದೆ. ಎರಡನ್ನೂ ಕೂಡಿಸಿ "ಆದ್ದರಿಂದ ಈ ಸೋಪು ಚರ್ಮಕ್ಕೆ ಒಳ್ಳೆಯದು" ಎಂದು ಬರೆದಿರೋ, ಮೂರನೆಯ ವಾಕ್ಯ ನಿಮ್ಮದೇ ಆಯಿತು. ಅದನ್ನು ಯಾವ ಮೂಲವೂ ಹೇಳಿಲ್ಲ. ಆರೋಗ್ಯದ ಮಾತು ಬಂದಾಗಲಂತೂ ವಿಕಿಪೀಡಿಯ ಇನ್ನೂ ಬಿಗಿ. ಪತ್ರಿಕೆಯ ಆರೋಗ್ಯ ಅಂಕಣ ಅಲ್ಲಿ ನಡೆಯುವುದಿಲ್ಲ, ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ ಬರಹವೇ ಬೇಕು.

ಕನ್ನಡದ ಮಾತೇ ಜಾರಿಸುವ ಜಾಗಗಳು

ನನ್ನ ಅನುಭವದಲ್ಲಿ ಕನ್ನಡ ಲೇಖನಗಳು ಹೆಚ್ಚಾಗಿ ಕೆಡುವುದು ಮೂಲದಿಂದಲ್ಲ, ಭಾಷೆಯಿಂದ. ಹೊಗಳುವುದಕ್ಕೆ ನಮ್ಮ ಭಾಷೆಯಲ್ಲಿ ತಯಾರಾಗಿ ಕೂತ ಮಾತುಗಳು ತುಂಬಾ ಇವೆ. ಮನೆಮಾತಾಗಿದೆ. ಹೆಸರುವಾಸಿಯಾಗಿದೆ. ಜನಮನ ಗೆದ್ದಿದೆ. ವಿಶ್ವವಿಖ್ಯಾತ. ಹೆಮ್ಮೆಯ. ಇವು ಬೆರಳ ತುದಿಗೆ ತಾವೇ ಬಂದುಬಿಡುತ್ತವೆ. ಬರೆದವರಿಗೆ ಹೊಗಳಿದ ನೆನಪೂ ಇರುವುದಿಲ್ಲ.

ಒಂದು ವಾಕ್ಯವನ್ನು ಹತ್ತಿರದಿಂದ ನೋಡೋಣ. ಅಭಿಮಾನಿಯೊಬ್ಬರು ಬರೆಯುವ ಮೊದಲ ಸಾಲು ಹೀಗಿರುತ್ತದೆ: "ನಮ್ಮ ನಾಡಿನ ಹೆಮ್ಮೆಯಾದ ವಿಶ್ವವಿಖ್ಯಾತ ಮೈಸೂರು ಸ್ಯಾಂಡಲ್ ಸೋಪು ಶತಮಾನದಿಂದಲೂ ತನ್ನ ಅಪ್ರತಿಮ ಗುಣಮಟ್ಟ ಹಾಗೂ ಪರಿಮಳದಿಂದ ಕೋಟ್ಯಂತರ ಜನರ ಮನೆಮಾತಾಗಿದೆ."

"ನಮ್ಮ" ಮೊದಲು ಹೋಗಬೇಕು. ವಿಶ್ವಕೋಶಕ್ಕೆ ನಾವು, ನಮ್ಮವರು ಇಲ್ಲ. ಕನ್ನಡ ವಿಕಿಪೀಡಿಯವನ್ನು ಓದುವವರೆಲ್ಲ ಕರ್ನಾಟಕದವರೇ ಆಗಿರಬೇಕಿಲ್ಲ. "ಹೆಮ್ಮೆ" ಭಾವನೆ, ಸಂಗತಿಯಲ್ಲ. "ವಿಶ್ವವಿಖ್ಯಾತ" ಅಂದರೆ ಎಷ್ಟು ದೇಶ? ಯಾವ ದೇಶಗಳಿಗೆ ಹೋಗುತ್ತದೆ ಎಂಬುದಕ್ಕೆ ಮೂಲ ಸಿಕ್ಕರೆ ಅದನ್ನೇ ಬರೆಯಿರಿ, ಸಿಗದಿದ್ದರೆ ಬಿಡಿ. "ಅಪ್ರತಿಮ" ಅಂದರೆ ಸಾಟಿಯಿಲ್ಲದ್ದು. ಯಾವುದರ ಜೊತೆ ಹೋಲಿಸಿದರು? "ಕೋಟ್ಯಂತರ" ಒಂದು ಅಂದಾಜು, ಅದೂ ಯಾರದು ಗೊತ್ತಿಲ್ಲ. ಇಷ್ಟು ಕಳೆದ ಮೇಲೆ ವಾಕ್ಯದಲ್ಲಿ ಉಳಿಯುವುದು ಸೋಪಿನ ಹೆಸರು ಮತ್ತು ಒಂದು ಶತಮಾನ. ಹದಿನಾರು ಪದಗಳಲ್ಲಿ ಓದುಗನಿಗೆ ಇದು ಯಾರು ಮಾಡುವ ಸೋಪು ಎಂಬುದೂ ಗೊತ್ತಾಗಲಿಲ್ಲ, ನೋಡಿ.

ಅದನ್ನೇ ಹೀಗೆ ಬರೆಯಬಹುದು: "ಮೈಸೂರು ಸ್ಯಾಂಡಲ್ ಸೋಪು ಕರ್ನಾಟಕ ಸರ್ಕಾರದ ಒಡೆತನದ ಕರ್ನಾಟಕ ಸೋಪ್ಸ್ ಅಂಡ್ ಡಿಟರ್ಜೆಂಟ್ಸ್ ಲಿಮಿಟೆಡ್ ತಯಾರಿಸುವ ಮೈಸೋಪು. ಗಂಧದೆಣ್ಣೆ ಬಳಸಿ ತಯಾರಿಸುವ ಇದಕ್ಕೆ 2006ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಪೊಟ್ಟಣದ ಮೇಲೆ ಆನೆಯ ತಲೆ, ಸಿಂಹದ ಮೈ ಇರುವ ಶರಭದ ಚಿತ್ರವಿದೆ." ಸಪ್ಪೆ ಅನಿಸಬಹುದು. ಆದರೆ ಇದನ್ನು ಓದಿದವರಿಗೆ ಯಾರು, ಏನು, ಯಾವಾಗ ಎಲ್ಲ ಗೊತ್ತಾಯಿತು. ಪ್ರತಿ ವಾಕ್ಯದ ಬೆನ್ನಿಗೂ ಒಂದು ಉಲ್ಲೇಖ ಅಂಟಿಸಬಹುದು. ಸೋಪಿನ ಗೌರವವೇನೂ ಕಡಿಮೆಯಾಗಲಿಲ್ಲ. ನನ್ನ ಪ್ರಕಾರ ಶರಭದ ವಾಕ್ಯವೇ "ವಿಶ್ವವಿಖ್ಯಾತ"ಕ್ಕಿಂತ ಜಾಸ್ತಿ ನೆನಪಲ್ಲಿ ಉಳಿಯುತ್ತದೆ.

ಹೊಗಳಿಕೆಗಿಂತ ಗುಟ್ಟಾಗಿ ಕೆಲಸ ಮಾಡುವ ಮಾತುಗಳೂ ಇವೆ. "ಎನ್ನಲಾಗಿದೆ", "ಹೇಳಲಾಗುತ್ತದೆ", "ಎಂಬ ಪ್ರತೀತಿ ಇದೆ". ಯಾರು ಅಂದರು, ಯಾರು ಹೇಳಿದರು? ಕರ್ಮಣಿ ಪ್ರಯೋಗ ಕನ್ನಡದಲ್ಲಿ ಹೇಳಿದವರನ್ನು ಬಚ್ಚಿಡುವುದಕ್ಕೇ ಹುಟ್ಟಿದ ಹಾಗಿದೆ. ಹೇಳಿದವರ ಹೆಸರು ಗೊತ್ತಿದ್ದರೆ ಹಾಕಿ. ಗೊತ್ತಿಲ್ಲ ಅಂದರೆ ಆ ವಾಕ್ಯಕ್ಕೆ ಇನ್ನೂ ಲೇಖನಕ್ಕೆ ಬರುವ ಯೋಗ್ಯತೆ ಬಂದಿಲ್ಲ.

ಇನ್ನು ಟಿವಿ ಕನ್ನಡ. "ಬರೋಬ್ಬರಿ" ಅನ್ನುವ ಪದ ಸಂಖ್ಯೆಯ ಮುಂದೆ ಬಂದರೆ ಸಾಕು, ಆ ಸಂಖ್ಯೆ ತಪ್ಪು ಕೆಲಸ ಮಾಡಿ ಸಿಕ್ಕಿಬಿದ್ದ ಹಾಗೆ ಕಾಣುತ್ತದೆ. "ಕೇವಲ" ಬಂದರೆ ಅದೇ ಸಂಖ್ಯೆ ಬಡಪಾಯಿ ಆಗುತ್ತದೆ. ಕ್ರಿಯಾಪದಗಳೂ ಸುಮ್ನೆ ಇರುವುದಿಲ್ಲ. ಕಂಪನಿ "ಹೇಳಿತು" ಅಂದರೆ ಹೇಳಿತು, ಅಷ್ಟೇ. "ಸ್ಪಷ್ಟಪಡಿಸಿತು" ಅಂದರೆ ನಾವು ಅದನ್ನು ನಂಬಿದ್ದೇವೆ ಅಂತಾಯಿತು. "ಒಪ್ಪಿಕೊಂಡಿತು" ಅಂದರೆ ಅದು ಮೊದಲು ಮುಚ್ಚಿಟ್ಟಿತ್ತು ಅಂತ. "ಸಮಜಾಯಿಷಿ ಕೊಟ್ಟಿತು" ಅಂದರೆ ಮುಗಿಯಿತು, ಅಪರಾಧಿಯೇ. "ಹೇಳಿತು" ಎಂಬ ಬಡ ಕ್ರಿಯಾಪದವನ್ನು ಎಷ್ಟು ಸಲ ಬಳಸಿದರೂ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ವಿವಾದ ಎಷ್ಟು ಸಾಲು?

2025ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ನಟಿ ತಮನ್ನಾ ಭಾಟಿಯಾ ಅವರನ್ನು ಈ ಸೋಪಿನ ರಾಯಭಾರಿ ಮಾಡಿತು. ಎರಡು ವರ್ಷಕ್ಕೆ ₹6.2 ಕೋಟಿ. ಕನ್ನಡದ ನಟಿಯರು ಇರಲಿಲ್ಲವೇ ಎಂದು ಕನ್ನಡಪರ ಸಂಘಟನೆಗಳು ಪ್ರತಿಭಟಿಸಿದವು. ರಾಜ್ಯದ ಹೊರಗಿನ ಮಾರುಕಟ್ಟೆಯನ್ನು ನೋಡಿ ಮಾಡಿದ ಆಯ್ಕೆ ಎಂದು ಸಚಿವ ಎಂ.ಬಿ. ಪಾಟೀಲ್ ಹೇಳಿದರು. ಆ ವಾರ ಟಿವಿಯಲ್ಲಿ ಬೇರೆ ಸುದ್ದಿಯೇ ಇರಲಿಲ್ಲ.

ಅಂಥ ವಾರದಲ್ಲಿ ಲೇಖನಕ್ಕೆ ಏನಾಗುತ್ತದೆ ಗೊತ್ತಾ? ನೂರು ವರ್ಷದ ಚರಿತ್ರೆ ಎರಡು ಪ್ಯಾರಾ, ರಾಯಭಾರಿಯ ವಿವಾದ ಆರು ಪ್ಯಾರಾ ಆಗಿಬಿಡುತ್ತದೆ. ಒಂದೊಂದು ವಾಕ್ಯವೂ ನಿಜ, ಒಂದೊಂದಕ್ಕೂ ಉಲ್ಲೇಖ ಇದೆ. ಆದರೆ ಒಟ್ಟು ಲೇಖನ ವಾಲಿದೆ. ತಟಸ್ಥತೆ ಎಂದರೆ ಪದಗಳ ಪ್ರಶ್ನೆ ಮಾತ್ರ ಅಲ್ಲ, ತೂಕದ ಪ್ರಶ್ನೆಯೂ ಹೌದು. ಮೇಲೆ ನಾನು ಬರೆದ ನಾಲ್ಕು ವಾಕ್ಯ ಇದೆಯಲ್ಲ, ಟಿವಿಯ ವಾಕ್ಯ ಬಿಟ್ಟು, ಲೇಖನಕ್ಕೆ ಅಷ್ಟು ಸಾಕು. 2006ರಲ್ಲಿ ಮಹೇಂದ್ರ ಸಿಂಗ್ ಧೋನಿ ರಾಯಭಾರಿಯಾಗಿದ್ದರು ಎಂಬುದನ್ನೂ ಅದರ ಪಕ್ಕ ಇಟ್ಟರೆ ಓದುಗನಿಗೆ ಹಿನ್ನೆಲೆ ಸಿಗುತ್ತದೆ.

ಕಂಪನಿಯ ಕಡೆಯವರು ಇದನ್ನೇ ಹಿಡಿದು ವಿವಾದವನ್ನು ಪೂರ್ತಿ ತೆಗೆಯಿರಿ ಅಂದರೆ ಅದೂ ಆಗುವುದಿಲ್ಲ. ಕೆಲವು ವಿವಾದಗಳು ಆ ಸರಕಿನ ಚರಿತ್ರೆಯ ದೊಡ್ಡ ಭಾಗವೇ ಆಗಿರುತ್ತವೆ. ಮ್ಯಾಗಿ ನೂಡಲ್ಸನ್ನು 2015 ಬಿಟ್ಟು ಬರೆಯಲು ಆಗುತ್ತದಾ? ಉತ್ತರ ಪ್ರದೇಶದಲ್ಲಿ ಪರೀಕ್ಷಿಸಿದ ಮಾದರಿಯಲ್ಲಿ ಸೀಸ ಮಿತಿಗಿಂತ ಹೆಚ್ಚಿದೆ ಎಂಬ ವರದಿ ಬಂತು. ಜೂನ್ 5ರಂದು ಆಹಾರ ಸುರಕ್ಷತಾ ಪ್ರಾಧಿಕಾರ ಮಾರಾಟ ನಿಲ್ಲಿಸಲು ಆದೇಶಿಸಿತು. ಆಗಸ್ಟ್ 13ರಂದು ಬಾಂಬೆ ಹೈಕೋರ್ಟ್ ಆ ಆದೇಶವನ್ನು ರದ್ದು ಮಾಡಿ ಮರುಪರೀಕ್ಷೆಗೆ ಹೇಳಿತು. ನವೆಂಬರಿನಲ್ಲಿ ಪೊಟ್ಟಣ ಮತ್ತೆ ಅಂಗಡಿಗೆ ಬಂತು. ಜೂನಿನಲ್ಲಿ ನಿಲ್ಲಿಸಿದರೆ ಕಂಪನಿಗೆ ಅನ್ಯಾಯ. ನವೆಂಬರಿನಿಂದ ಶುರು ಮಾಡಿದರೆ ಓದುಗನಿಗೆ ಅನ್ಯಾಯ. "ಸೀಸ ಇತ್ತು" ಅಂತಲೂ "ಸೀಸ ಇರಲಿಲ್ಲ" ಅಂತಲೂ ವಿಶ್ವಕೋಶ ತಾನಾಗಿ ಹೇಳಬೇಕಿಲ್ಲ. ಯಾವ ಪ್ರಯೋಗಾಲಯ, ಯಾವ ಮಾದರಿ, ಯಾವ ತಾರೀಖು, ಯಾವ ಕೋರ್ಟು ಅಂತ ಸಾಲಾಗಿ ಹೇಳಿದರೆ ಓದುಗ ತಾನೇ ತಿಳಿದುಕೊಳ್ಳುತ್ತಾನೆ.

ಬರೆಯುವ ಕೈ ಯಾರದು?

ತಮ್ಮ ಸರಕಿನ ಪುಟವನ್ನು ತಾವೇ ತಿದ್ದಿದರೆ ಏನಾಗುತ್ತದೆ ಎಂಬುದಕ್ಕೆ ಬರ್ಗರ್ ಕಿಂಗ್‌ನ 2017ರ ಏಪ್ರಿಲ್ ಪ್ರಸಂಗ ಹೇಳಲೇಬೇಕು. ಹದಿನೈದು ಸೆಕೆಂಡಿನ ಟಿವಿ ಜಾಹೀರಾತು. ಅದರಲ್ಲಿ ನಟ ಕ್ಯಾಮೆರಾ ಹತ್ತಿರ ಬಂದು "ಓಕೆ ಗೂಗಲ್, ವಾಪರ್ ಬರ್ಗರ್ ಅಂದರೇನು?" ಎಂದು ಇಂಗ್ಲಿಷಿನಲ್ಲಿ ಕೇಳುತ್ತಾನೆ. ನೋಡುತ್ತಿರುವವರ ಮನೆಯ ಗೂಗಲ್ ಸ್ಪೀಕರ್ ಎಚ್ಚೆತ್ತು ವಿಕಿಪೀಡಿಯದ ಮೊದಲ ಸಾಲನ್ನು ಓದುತ್ತದೆ. ಆ ಸಾಲನ್ನು ಕೆಲವೇ ದಿನದ ಹಿಂದೆ ಜಾಹೀರಾತಿನ ಭಾಷೆಗೆ ತಿರುಗಿಸಿಯಾಗಿತ್ತು. ಜಾಣತನ ಅಂದುಕೊಂಡರೇನೋ. ಜನ ಸುಮ್ನೆ ಇರುತ್ತಾರಾ? ತಾವೂ ಹೋಗಿ ಪದಾರ್ಥಗಳ ಪಟ್ಟಿಗೆ ಸಯನೈಡ್ ಸೇರಿಸಿದರು. ಕೊನೆಗೆ ವಿಕಿಪೀಡಿಯದವರು ಪುಟಕ್ಕೆ ಬೀಗ ಹಾಕಬೇಕಾಯಿತು.

2019ರಲ್ಲಿ ನಾರ್ತ್ ಫೇಸ್ ಎಂಬ ಬಟ್ಟೆ ಕಂಪನಿಯ ಜಾಹೀರಾತು ಏಜೆನ್ಸಿ ಇನ್ನೂ ಮುಂದೆ ಹೋಯಿತು. ಪ್ರವಾಸಿ ತಾಣಗಳ ವಿಕಿಪೀಡಿಯ ಪುಟಗಳಲ್ಲಿದ್ದ ಫೋಟೊ ತೆಗೆದು, ತಮ್ಮ ಜಾಕೆಟ್, ಬ್ಯಾಗು ಕಾಣುವ ಫೋಟೊ ಹಾಕಿತು. ಮೇಲಿಂದ ಅದನ್ನು ಸಾಧನೆಯೆಂದು ವಿಡಿಯೊ ಮಾಡಿ ಹೇಳಿಕೊಂಡಿತು. ಸಾರ್ವಜನಿಕ ಆಸ್ತಿಯನ್ನು ಗಲೀಜು ಮಾಡಿದ ಹಾಗೆ ಎಂದು ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಪ್ರತಿಷ್ಠಾನ ಹೇಳಿತು. ಕಂಪನಿ ಕ್ಷಮೆ ಕೇಳಿ ನಿಲ್ಲಿಸಿತು.

ಹಾಗಾದರೆ ಕಂಪನಿಯಲ್ಲಿ ಕೆಲಸ ಮಾಡುವವರು ಏನೂ ಮಾಡುವಂತಿಲ್ಲವೇ? ಮಾಡಬಹುದು, ಮುಚ್ಚಿಟ್ಟು ಮಾಡುವಂತಿಲ್ಲ. ದುಡ್ಡು ಪಡೆದು ಬರೆಯುವವರು ಯಾರ ಪರವಾಗಿ ಬರೆಯುತ್ತಿದ್ದೇವೆ ಎಂದು ಹೇಳಲೇಬೇಕು ಎಂಬುದು 2014ರಿಂದ ವಿಕಿಮೀಡಿಯದ ಬಳಕೆಯ ಷರತ್ತಿನಲ್ಲೇ ಇದೆ. ಕಂಪನಿಯ ಪುಟದಲ್ಲಿ ವರ್ಷ ತಪ್ಪಿದೆಯಾ? ಚರ್ಚೆ ಪುಟಕ್ಕೆ ಹೋಗಿ "ನಾನು ಇಲ್ಲಿ ನೌಕರ, ಈ ವರ್ಷ ತಪ್ಪಿದೆ, ಸರಿಯಾದದ್ದಕ್ಕೆ ಈ ಮೂಲ ಇದೆ" ಎಂದು ಬರೆಯಿರಿ. ಬೇರೆಯವರು ನೋಡಿ ತಿದ್ದುತ್ತಾರೆ. ಕನ್ನಡ ವಿಕಿಪೀಡಿಯದಲ್ಲಿ ಸಕ್ರಿಯ ಸಂಪಾದಕರು ಕಡಿಮೆ, ಹಾಗಾಗಿ ಸ್ವಲ್ಪ ಕಾಯಬೇಕಾಗಬಹುದು, ನಿಜ.

ಸಣ್ಣ ವ್ಯಾಪಾರಿಗಳಿಗೆ ಒಂದು ಮಾತು. "ನಿಮ್ಮ ಬ್ರ್ಯಾಂಡಿಗೆ ವಿಕಿಪೀಡಿಯ ಪುಟ ಮಾಡಿಕೊಡುತ್ತೇವೆ, ಅಳಿಸದ ಹಾಗೆ ನೋಡಿಕೊಳ್ಳುತ್ತೇವೆ" ಎಂದು ಯಾರಾದರೂ ಮೆಸೇಜು ಕಳಿಸಿದರೆ ದುಡ್ಡು ಕೊಡಬೇಡಿ. ಅಳಿಸದ ಹಾಗೆ ನೋಡಿಕೊಳ್ಳುವ ಅಧಿಕಾರ ಮಾರಾಟಕ್ಕಿಲ್ಲ. 2015ರಲ್ಲಿ ಇಂಗ್ಲಿಷ್ ವಿಕಿಪೀಡಿಯದಲ್ಲಿ ಇಂಥದ್ದೇ ಒಂದು ಜಾಲ ಸಿಕ್ಕಿಬಿತ್ತು. ತಿರಸ್ಕೃತವಾದ ಕರಡುಗಳನ್ನು ಹುಡುಕಿ, ಆ ವ್ಯಾಪಾರಿಗಳನ್ನು ಸಂಪರ್ಕಿಸಿ, ಪುಟ ಹಾಕಲು ದುಡ್ಡು, ಆಮೇಲೆ ಅದನ್ನು ಉಳಿಸಲು ತಿಂಗಳು ತಿಂಗಳು ದುಡ್ಡು ಕೀಳುತ್ತಿದ್ದರು. 381 ಖಾತೆಗಳನ್ನು ತಡೆಹಿಡಿದರು, 210 ಲೇಖನಗಳನ್ನು ಅಳಿಸಿದರು. ದುಡ್ಡು ಕೊಟ್ಟವರ ಪುಟವೂ ಹೋಯಿತು, ದುಡ್ಡೂ ಹೋಯಿತು.

ನಮ್ಮ ಕಾಫಿಪುಡಿಯವರಿಗೂ ಅಂಥ ಒಂದು ಮೆಸೇಜು ಬಂದಿತ್ತು. ನನ್ನನ್ನು ಕೇಳಿದರು, ಬೇಡ ಅಂದೆ. ಅದಾಗಿ ಸ್ವಲ್ಪ ಕಾಲಕ್ಕೆ, ನಮ್ಮ ಊರಿನ ಪೇಟೆಬೀದಿಯ ಚರಿತ್ರೆಯ ಬಗ್ಗೆ ಒಬ್ಬರು ಪುಸ್ತಕ ಬರೆದರು. ಅದರಲ್ಲಿ ಈ ಅಂಗಡಿಯ ಬಗ್ಗೆ ಅರ್ಧ ಪುಟ ಇದೆ. ಒಂದೇ ಮೂಲ, ಸ್ವಂತ ಪುಟಕ್ಕೆ ಸಾಲದು. ಊರಿನ ಲೇಖನದ ಚರ್ಚೆ ಪುಟದಲ್ಲಿ ಅಂಗಡಿಯವರು ನನಗೆ ಪರಿಚಯ ಎಂದು ಹೇಳಿ, ಪುಸ್ತಕದ ಪುಟ ಸಂಖ್ಯೆ ಕೊಟ್ಟೆ. ಮೂರು ವಾರ ಬಿಟ್ಟು ಯಾರೋ ಒಂದು ವಾಕ್ಯ ಸೇರಿಸಿದರು: ಪೇಟೆಬೀದಿಯಲ್ಲಿ ಇಂಥ ವರ್ಷದಿಂದ ಒಂದು ಕಾಫಿಪುಡಿ ಅಂಗಡಿ ಇದೆ ಅಂತ. ಮಾಮನ ಗೆಳೆಯರಿಗೆ ಮೊಬೈಲಿನಲ್ಲಿ ತೋರಿಸಿದೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. "ಪರಿಮಳದ ಬಗ್ಗೆ ಏನೂ ಇಲ್ವಲ್ಲಪ್ಪಾ?" ಅಂದರು.